ಮನೆಯ ಕಾರ್ ಪಾರ್ಕಿಂಗ್ ನೆಲಕ್ಕೆ ಎಪಾಕ್ಸಿ: ತೇವ ಪರೀಕ್ಷೆಯಿಂದ ಕಾರು ನಿಲ್ಲಿಸುವವರೆಗೆ

ಎಪಾಕ್ಸಿ ಎಂದರೆ ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿ ನೆಲಕ್ಕೆ ಬಳಿಯುವ ಲೇಪ. ಅದು ಎದ್ದುಹೋದ ಪಾರ್ಕಿಂಗ್ ನೆಲದಿಂದ ಒಂದು ಚಕ್ಕೆ ಕಿತ್ತು ಅದರ ಹಿಂಬದಿ ನೋಡಿ, ಕೆಲಸ ಎಲ್ಲಿ ಕೆಟ್ಟಿತೆಂದು ಗೊತ್ತಾಗುತ್ತದೆ. ಹಿಂಬದಿಗೆ ಬೂದು ಬಣ್ಣದ ಸಿಮೆಂಟ್ ಪುಡಿ ತೆಳ್ಳಗೆ ಅಂಟಿಕೊಂಡಿದ್ದರೆ ನೆಲದ ಮೇಲ್ಪದರವೇ ಬಡಕಲಾಗಿತ್ತು. ಎಪಾಕ್ಸಿ ಹಿಡಿದುಕೊಂಡಿತ್ತು, ಹಿಡಿದುಕೊಂಡ ಜಾಗ ಗಟ್ಟಿ ಇರಲಿಲ್ಲ. ಹಿಂಬದಿ ಗಾಜಿನಂತೆ ನುಣ್ಣಗಿದ್ದರೆ ನೆಲವನ್ನು ಉಜ್ಜಿ ಒರಟು ಮಾಡಿಲ್ಲ, ಇಲ್ಲವೇ ಎಣ್ಣೆ ಉಳಿದಿತ್ತು. ಬಿಳಿ ಉಪ್ಪೋ ಪಸೆಯೋ ಕಂಡರೆ ನೀರು ಕೆಳಗಿನಿಂದ ಬಂದಿದೆ. ಮೂರೂ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆಯೇ ಆದ ತಪ್ಪುಗಳು. ಹಾಗಾಗಿ ಕೆಳಗೆ ಬಣ್ಣ ಬಳಿಯುವ ಮಾತು ಬರುವುದು ತಡವಾಗಿಯೇ.

ಲೆಕ್ಕಕ್ಕೆ ಹಿಡಿದಿರುವುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ 30×40 ಸೈಟಿನ ಮನೆಗಳ ಕೆಳಗೆ ಕಾಣುವ ಪಾರ್ಕಿಂಗ್: 10 ಅಡಿ ಅಗಲ, 20 ಅಡಿ ಉದ್ದ, ಮೇಲೆ ಸ್ಲ್ಯಾಬ್, ಕೆಳಗೆ ಐಪಿಎಸ್ ನೆಲ (ಕಾಂಕ್ರೀಟಿನ ಮೇಲೆ ಸಿಮೆಂಟ್ ಪದರ ಹಾಕಿ ನುಣ್ಣಗೆ ತೀಡಿದ ನೆಲ), ಗೇಟಿನ ಬಳಿ ರಸ್ತೆಗೆ ಇಳಿಜಾರು. 200 ಚದರ ಅಡಿ ಅಂದರೆ 18.6 ಚದರ ಮೀಟರ್. ನಿಮ್ಮ ನೆಲ ದೊಡ್ಡದಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚಿಸಿಕೊಳ್ಳಿ.

ಈ ನೆಲಕ್ಕೆ ಎಪಾಕ್ಸಿ ಹೊಂದುತ್ತದೆಯೇ

ದಿನವೂ ಬಿಸಿಲು ಬೀಳುವ ತೆರೆದ ಅಂಗಳವಾದರೆ ಎಪಾಕ್ಸಿಯ ಯೋಚನೆ ಬಿಡಿ. ಬಿಸಿಲಿನ ನೇರಳಾತೀತ ಕಿರಣಕ್ಕೆ ಎಪಾಕ್ಸಿ ಹಳದಿಯಾಗುತ್ತದೆ, ಹೊಳಪು ಸತ್ತು ಸುಣ್ಣದಂತೆ ಪುಡಿ ಬಿಡುತ್ತದೆ. ಪಾರ್ಕಿಂಗಿನ ಮುಂಭಾಗಕ್ಕೆ ಮಾತ್ರ ಒಂದೆರಡು ಗಂಟೆ ಬಿಸಿಲು ಬೀಳುವುದಾದರೆ ಎಪಾಕ್ಸಿಯ ಮೇಲೆ ಬಿಸಿಲು ತಾಳುವ ಅಲಿಫ್ಯಾಟಿಕ್ ಪಾಲಿಯುರೆಥೇನ್ ಟಾಪ್ ಕೋಟ್ ಹಾಕಿಸಿ ಉಳಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚು ಬಿಸಿಲಾದರೆ ಪಾರ್ಕಿಂಗ್ ಟೈಲ್ಸ್ ಅಥವಾ ಒರಟು ಮೈಯ ಸಾದರಹಳ್ಳಿ ಗ್ರಾನೈಟೇ ಲೇಸು.

ಈಗಾಗಲೇ ಟೈಲ್ಸ್ ಹಾಸಿದ ನೆಲದ ಮೇಲೆ ಬಳಿಯುವುದೂ ಬೇಡ. ಟೈಲ್ಸಿನ ಹೊಳಪು ಪದರಕ್ಕೆ ಎಪಾಕ್ಸಿ ಕಚ್ಚುವುದಿಲ್ಲ. ಉಜ್ಜಿ ಬಳಿದರೂ ಒಂದು ಟೈಲ್ ಅಲ್ಲಾಡಿದರೆ ಸಂದಿನ ಗೆರೆಯುದ್ದಕ್ಕೂ ಸೀಳುತ್ತದೆ. ಮೇಣದ ಪಾಲಿಶ್ ಕುಡಿದ ಹಳೆಯ ರೆಡ್ ಆಕ್ಸೈಡ್ ನೆಲವಾದರೆ ಮೇಲ್ಪದರ ಪೂರ್ತಿ ಉಜ್ಜಿ ತೆಗೆದರೆ ಮಾತ್ರ ಸಾಧ್ಯ. ಹೊಸ ಕಾಂಕ್ರೀಟಿಗೆ ಕನಿಷ್ಠ 28 ದಿನ ಕೊಡಿ. ಅದು ಗಟ್ಟಿಯಾಗಲು ಬೇಕಾದ ಕಾಲ. ಒಣಗಲು ಎಷ್ಟು ದಿನ ಬೇಕೆಂದು ಕ್ಯಾಲೆಂಡರ್ ಹೇಳುವುದಿಲ್ಲ, ಪರೀಕ್ಷೆಯೇ ಹೇಳಬೇಕು.

ನೆಲದ ಉದ್ದಕ್ಕೂ ಒಂದೊಂದು ಅಡಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿ. ಟೊಳ್ಳು ಸದ್ದು ಬಂದ ಕಡೆ ಐಪಿಎಸ್ ಪದರ ಕೆಳಗಿನ ಕಾಂಕ್ರೀಟನ್ನು ಬಿಟ್ಟಿದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಒಡೆದು ತೆಗೆದು ಹೊಸದಾಗಿ ತುಂಬದೆ ಮುಂದೆ ಹೋಗುವಂತಿಲ್ಲ.

ಸಂಪು, ಮತ್ತು ಕೆಳಗಿನಿಂದ ಏರುವ ತೇವ

ನಮ್ಮ ಊರುಗಳಲ್ಲಿ ನೀರಿನ ಸಂಪು ಹೆಚ್ಚಾಗಿ ಇರುವುದೇ ಪಾರ್ಕಿಂಗ್ ಕೆಳಗೆ. ಪರದೇಶದ ವಿಡಿಯೊಗಳಲ್ಲಿ ಈ ಸಮಸ್ಯೆ ಇಲ್ಲ, ಅದಕ್ಕೇ ಅವುಗಳಲ್ಲಿ ಇದರ ಮಾತೂ ಇಲ್ಲ. ಸಂಪಿನ ಮೇಲಿನ ಸ್ಲ್ಯಾಬ್ ಹಗಲೂ ರಾತ್ರಿ ಆವಿ ಕುಡಿಯುತ್ತಿರುತ್ತದೆ. ಉಳಿದ ಭಾಗದಲ್ಲೂ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸದೆ ನೇರ ಜಲ್ಲಿ ಕಾಂಕ್ರೀಟ್ ಹಾಕಿರುವುದೇ ಹೆಚ್ಚು. ಎಪಾಕ್ಸಿ ಆವಿಯನ್ನು ಹೊರಗೆ ಬಿಡುವುದಿಲ್ಲ. ಆವಿ ಅದರ ಅಡಿಯಲ್ಲಿ ಸೇರಿ, ಕಾಂಕ್ರೀಟಿನ ಉಪ್ಪನ್ನೂ ಹೊತ್ತು ತಂದು, ಗುಳ್ಳೆ ಎಬ್ಬಿಸುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. 45 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗಾಳಿ ಹೋಗದಂತೆ ಟೇಪಿನಿಂದ ನೆಲಕ್ಕೆ ಅಂಟಿಸಿ. ಕನಿಷ್ಠ 16 ಗಂಟೆ, ಸಾಧ್ಯವಾದರೆ ಪೂರ್ತಿ ಒಂದು ದಿನ ಬಿಡಿ. ಸಂಪಿನ ಮೇಲೊಂದು, ಗೋಡೆಯ ಬುಡದಲ್ಲೊಂದು, ನಡುವೆ ಒಂದು, ಹೀಗೆ ಮೂರು ಕಡೆ. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಅಡಿಯ ಕಾಂಕ್ರೀಟ್ ಕಪ್ಪಾಗಿದ್ದರೆ ನೆಲ ತೇವವಾಗಿದೆ. ಮಾರ್ಚ್‌ನಲ್ಲಿ ಒಣಗಿ ಕಂಡ ನೆಲ ಸೆಪ್ಟೆಂಬರಿನಲ್ಲಿ ಹಾಗೆಯೇ ಇರಬೇಕೆಂದಿಲ್ಲ. ಆದ್ದರಿಂದ ಮಳೆಗಾಲ ಮುಗಿಯುತ್ತಿದ್ದಂತೆ, ಸಂಪು ತುಂಬಿದ್ದಾಗ ಒಮ್ಮೆ ಪರೀಕ್ಷಿಸಿ, ಕೆಲಸಕ್ಕೆ ಕೈಹಾಕುವ ವಾರ ಇನ್ನೊಮ್ಮೆ ಪರೀಕ್ಷಿಸಿ. ತೇವ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು; ಸಾಮಾನ್ಯ ಎಪಾಕ್ಸಿಗಳಿಗೆ ಕಾಂಕ್ರೀಟಿನ ತೇವ ಶೇ 4ರೊಳಗೆ ಇರಬೇಕೆಂದು ಬಹಳಷ್ಟು ಕಂಪನಿಗಳ ತಾಂತ್ರಿಕ ಹಾಳೆಗಳು ಕೇಳುತ್ತವೆ.

ತೇವ ಕಂಡರೆ ದಾರಿ ಎರಡು. ಒದ್ದೆ ಕಾಂಕ್ರೀಟಿಗೆಂದೇ ಮಾಡಿದ ತೇವ ತಡೆಯುವ ಎಪಾಕ್ಸಿ ಪ್ರೈಮರ್ (ಎಲ್ಲಕ್ಕೂ ಮೊದಲು ಬಳಿಯುವ ತಳಪದರ) ಸಿಗುತ್ತದೆ; ಸಾಮಾನ್ಯ ಪ್ರೈಮರಿಗಿಂತ ದಪ್ಪ, ದುಬಾರಿ, ಹೇಳಿದ ಮಂದಕ್ಕೆ ಹಾಕಿದರಷ್ಟೇ ಕೆಲಸ ಮಾಡುತ್ತದೆ. ಇಲ್ಲವಾದರೆ ಎಪಾಕ್ಸಿ ಕೈಬಿಡಬೇಕು. ಸಂಪಿನ ಒಳಗೋಡೆಯೇ ಬಿರುಕು ಬಿಟ್ಟು ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಮೇಲಿನಿಂದ ಏನು ಬಳಿದರೂ ಅದಕ್ಕೆ ಮದ್ದಲ್ಲ.

ಸಂಪಿನಿಂದ ಇನ್ನೊಂದು ಪೇಚು. ಉಜ್ಜುವಾಗಿನ ಧೂಳು, ಥಿನ್ನರ್ ಆವಿ, ತೊಳೆದ ನೀರು ಮುಚ್ಚಳದ ಸಂದಿನಿಂದ ಕುಡಿಯುವ ನೀರಿಗೆ ಇಳಿಯುತ್ತವೆ. ಕೆಲಸ ಶುರುವಾಗುವ ಮೊದಲು ಮುಚ್ಚಳದ ಮೇಲೆ ಎರಡು ಪದರ ಪ್ಲಾಸ್ಟಿಕ್ ಹಾಸಿ ಸುತ್ತ ಟೇಪ್ ಹಾಕಿ. ಓವರ್‌ಹೆಡ್ ಟ್ಯಾಂಕ್ ತುಂಬಿಸಿಕೊಂಡು, ಥಿನ್ನರ್ ಬಳಸುವ ಹೊತ್ತಿನಲ್ಲಿ ಮೋಟರಿನ ಮೇನ್ ಸ್ವಿಚ್ ಆರಿಸಿಡಿ. ಸ್ಟಾರ್ಟರಿನ ಕಿಡಿ ಸಾಕು ಬೆಂಕಿಗೆ.

ಯಾವ ತಿಂಗಳು, ಯಾವ ಹೊತ್ತು

ನೆಲದ ತಾಪ ಇಬ್ಬನಿ ಕಟ್ಟುವ ತಾಪಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು, ಗಾಳಿಯ ತೇವಾಂಶ ಶೇ 85ರ ಕೆಳಗಿರಬೇಕು. ಬಹುತೇಕ ಎಪಾಕ್ಸಿಗಳಿಗೆ ಇದೇ ನಿಯಮ. ಉದಾಹರಣೆಗೆ, ಗಾಳಿ 28 ಡಿಗ್ರಿ, ತೇವಾಂಶ ಶೇ 80 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 24 ಡಿಗ್ರಿಯಲ್ಲಿ. ನೆಲ 27 ಡಿಗ್ರಿಗಿಂತ ತಣ್ಣಗಿದ್ದರೆ ಕೆಲಸ ನಿಲ್ಲಿಸಬೇಕು. ಸಂಪಿನ ಮೇಲಿನ ನೆಲ ಉಳಿದದ್ದಕ್ಕಿಂತ ತಣ್ಣಗಿರುತ್ತದೆ, ಅಲ್ಲೇ ಅಳೆಯಿರಿ.

ಹೀಗೆ ನೋಡಿದರೆ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸದ ಮಾತೇ ಇಲ್ಲ. ಬೆಂಗಳೂರು, ಮೈಸೂರಿಗೆ ಜನವರಿಯಿಂದ ಮಾರ್ಚ್ ಒಳ್ಳೆಯದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೇವದ ಭಯವಿಲ್ಲ, ಆದರೆ ಬೆರೆಸಿದ ಎಪಾಕ್ಸಿ ರೋಲರಿಗೆ ಬರುವ ಮುಂಚೆಯೇ ಗಟ್ಟಿಯಾಗುತ್ತದೆ. ಅಲ್ಲಿ ಡಿಸೆಂಬರ್-ಜನವರಿಯೇ ಸರಿ.

ದಿನದ ಹೊತ್ತಿಗೂ ಲೆಕ್ಕವಿದೆ. ಬೆಳಿಗ್ಗೆ ನೆಲ ಕಾಯುತ್ತಾ ಹೋದಂತೆ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿನ ಗಾಳಿ ಹಿಗ್ಗಿ ಹೊರಬರುತ್ತದೆ, ಹಸಿ ಎಪಾಕ್ಸಿಯಲ್ಲಿ ಗುಳ್ಳೆಯೆದ್ದು ಒಡೆದು ಸೂಜಿತೂತು ಉಳಿಯುತ್ತದೆ. ಮಧ್ಯಾಹ್ನ ಮೂರರ ನಂತರ ನೆಲ ತಣಿಯಲು ಶುರುವಾದಾಗ ಗಾಳಿ ಒಳಕ್ಕೆ ಎಳೆಯಲ್ಪಟ್ಟು ಪ್ರೈಮರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಮೂರರಿಂದ ಐದರ ನಡುವೆ ಮುಗಿಸಿ. ಕತ್ತಲಾದ ಮೇಲೆ ಪಾರ್ಕಿಂಗಿನ ದೀಪ ಹಾಕಬೇಡಿ, ದೀಪಕ್ಕೆ ಬಂದ ಹಾತೆಗಳೆಲ್ಲ ನೆಲಕ್ಕೆ ಅಂಟಿಕೊಳ್ಳುತ್ತವೆ.

ಯಾವ ಎಪಾಕ್ಸಿ, ಎಷ್ಟು

ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ನೀರು ಬೆರೆತದ್ದು ವಾಸನೆ ಕಡಿಮೆ, ಬಳಿಯಲು ಸುಲಭ, ಪದರ ತೀರ ತೆಳು. ಥಿನ್ನರ್ ಬೆರೆತದ್ದು ಚೆನ್ನಾಗಿ ಇಂಗುತ್ತದೆ, ವಾಸನೆ ವಿಪರೀತ. ನೂರಕ್ಕೆ ನೂರು ಘನಾಂಶದ್ದು (ಘನಾಂಶ ಎಂದರೆ ಒಣಗಿದ ಮೇಲೂ ಉಳಿಯುವ ಪಾಲು) ದಪ್ಪ ಪದರ ಕೊಡುತ್ತದೆ, ಬಳಿದಷ್ಟೂ ನೆಲದಲ್ಲೇ ಉಳಿಯುತ್ತದೆ. ಕಾರು ನಿಲ್ಲುವ ನೆಲಕ್ಕೆ ಮೂರನೆಯದನ್ನೇ ತನ್ನಿ. ಬೆಲೆ ಹೋಲಿಸುವಾಗ ಡಬ್ಬಿಯ ತೂಕ ನೋಡಬೇಡಿ, ಘನಾಂಶ ನೋಡಿ: ಒಣಗಿದ ಪದರದ ದಪ್ಪ ಎಂದರೆ ಹಸಿ ಪದರದ ದಪ್ಪವನ್ನು ಘನಾಂಶದಿಂದ ಗುಣಿಸಿದ್ದು. ಶೇ 50 ಘನಾಂಶದ ಎಪಾಕ್ಸಿಯನ್ನು 200 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಬಳಿದರೆ ಒಣಗಿದ ಮೇಲೆ ಸಿಗುವುದು 100 ಮೈಕ್ರಾನ್ ಮಾತ್ರ.

ಘನಾಂಶ ಪೂರ್ತಿ ಇರುವ ಒಂದು ಲೀಟರ್ ಎಪಾಕ್ಸಿ ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ದಪ್ಪ ನಿಲ್ಲುತ್ತದೆ. ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ. ನಮ್ಮ 18.6 ಚದರ ಮೀಟರಿಗೆ 150 ಮೈಕ್ರಾನಿನ ಒಂದು ಕೋಟ್‌ಗೆ 2.8 ಲೀಟರ್. ಬಣ್ಣ ಸೇರಿದ ಎಪಾಕ್ಸಿ ಲೀಟರಿಗೆ ಸುಮಾರು 1.4 ಕೆ.ಜಿ. ತೂಗುವುದರಿಂದ 3.9 ಕೆ.ಜಿ. ಬಕೆಟ್ಟಿಗೂ ರೋಲರಿಗೂ ಅಂಟಿ ಹೋಗುವುದಕ್ಕೆ ಶೇ 10 ಸೇರಿಸಿದರೆ ಒಂದು ಕೋಟ್‌ಗೆ 4.3, ಎರಡು ಕೋಟ್‌ಗೆ 8.6; ಅಂದರೆ 9 ಕೆ.ಜಿ. ತರಬೇಕು. ಪ್ರೈಮರ್ ಕೆ.ಜಿ.ಗೆ 6 ಚದರ ಮೀಟರ್ ಎಂದು ಹಿಡಿದರೆ 3.1 ಕೆ.ಜಿ. ಸಾಕು, ಆದರೆ ಉಜ್ಜಿದ ಐಪಿಎಸ್ ಎಷ್ಟು ಕುಡಿಯುತ್ತದೆಂದು ಮೊದಲೇ ಹೇಳಲಾಗದು, 4 ಕೆ.ಜಿ. ತನ್ನಿ. ಗುಳಿ ತುಂಬಲು ಒಣಗಿದ ಸಿಲಿಕಾ ಮರಳು 10 ಕೆ.ಜಿ. ಮತ್ತು ಅದಕ್ಕೆ ಬೆರೆಸಲು ಬಣ್ಣವಿಲ್ಲದ ಎಪಾಕ್ಸಿ 2 ಕೆ.ಜಿ. ಇಳಿಜಾರಿಗೆ ಬೇಕಾದ ಮರಳಿನ ಲೆಕ್ಕ ಬೇರೆ, ಮುಂದೆ ಬರುತ್ತದೆ. ನದಿ ಮರಳಾಗಲಿ ಎಂ-ಸ್ಯಾಂಡ್ ಆಗಲಿ ಬೇಡ, ಎರಡರಲ್ಲೂ ಪಸೆ ಮತ್ತು ಹುಡಿ ಇರುತ್ತದೆ.

ಪ್ರೈಮರ್, ಮೇಲಿನ ಕೋಟು ಒಂದೇ ಕಂಪನಿಯದಿರಲಿ. ಬಣ್ಣಕ್ಕೆ ನಡುವಣ ಬೂದು ಒಳ್ಳೆಯದು: ಬಿಳಿಯ ಮೇಲೆ ಟೈರಿನ ಗುರುತು, ಕಪ್ಪಿನ ಮೇಲೆ ರಸ್ತೆ ಧೂಳು ಎದ್ದು ಕಾಣುತ್ತದೆ.

ಉಪಕರಣದಲ್ಲಿ ಗ್ರಾಂ ತೋರಿಸುವ ತೂಕದ ಯಂತ್ರ, ವೇಗ ಬದಲಿಸಬಲ್ಲ ಡ್ರಿಲ್ ಮತ್ತು ಅದಕ್ಕೆ ಬೆರೆಸುವ ಪ್ಯಾಡಲ್, ಅಗಲವಾದ ನಾಲ್ಕು ಪ್ಲಾಸ್ಟಿಕ್ ಬಕೆಟ್, 9 ಇಂಚಿನ ಗಿಡ್ಡ ಕೂದಲಿನ ರೋಲರ್ ಮೂರು, 4 ಇಂಚಿನ ಬ್ರಷ್, ಪಟ್ಟಿ (ಪುಟ್ಟಿ) ಬ್ಲೇಡ್, ರಬ್ಬರ್ ವೈಪರ್ ಬೇಕು. ಸ್ಪಂಜಿನ ರೋಲರ್ ತರಬೇಡಿ, ಅದು ಗುಳ್ಳೆ ಕಟ್ಟಿಸುತ್ತದೆ. ಮೈಗೆ: ನೈಟ್ರೈಲ್ ಕೈಗವಸು, ಕನ್ನಡಕ, ಧೂಳಿಗೆ ಎನ್95 ಅಥವಾ ಅದಕ್ಕಿಂತ ಮೇಲಿನ ಮಾಸ್ಕ್, ಥಿನ್ನರಿಗೆ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್. ಬರಿಗೈಯಲ್ಲಿ ಎಪಾಕ್ಸಿ ಮುಟ್ಟಿ ಥಿನ್ನರಿನಲ್ಲಿ ಕೈ ತೊಳೆಯುವ ಪೇಂಟರುಗಳು ಎಲ್ಲ ಕಡೆ ಇದ್ದಾರೆ. ಥಿನ್ನರ್ ರಾಸಾಯನಿಕವನ್ನು ಚರ್ಮದೊಳಕ್ಕೆ ಇನ್ನಷ್ಟು ತಳ್ಳುತ್ತದೆ. ಒಮ್ಮೆ ಅಲರ್ಜಿ ಹತ್ತಿಕೊಂಡರೆ ಮುಂದೆ ಸ್ವಲ್ಪ ತಾಗಿದರೂ ಕೆರೆತ, ಬೊಬ್ಬೆ ಬರುತ್ತದೆ. ಸೋಪು ನೀರಿನಿಂದಲೇ ತೊಳೆಯಿರಿ.

ಮೊದಲು ಎಣ್ಣೆ, ಆಮೇಲೆ ಗ್ರೈಂಡರ್

ಈ ಅನುಕ್ರಮ ತಪ್ಪಿದರೆ ಕೆಲಸ ಕೆಟ್ಟಂತೆ. ಎಣ್ಣೆ ಇದ್ದಲ್ಲಿ ಗ್ರೈಂಡರ್ ಓಡಿಸಿದರೆ ಎಣ್ಣೆ ಸುತ್ತಲಿನ ನೆಲಕ್ಕೂ ಹರಡುತ್ತದೆ. ಹಸಿ ಎಣ್ಣೆಯನ್ನು ಮರದ ಹೊಟ್ಟು ಹಾಕಿ ಎತ್ತಿ. ಹಳೆಯ ಕಲೆಗೆ ಡಿಗ್ರೀಸರ್ (ಎಣ್ಣೆ ಜಿಡ್ಡು ಬಿಡಿಸುವ ದ್ರಾವಣ) ಸುರಿದು 15 ನಿಮಿಷ ನೆನೆಸಿ, ಗಟ್ಟಿ ನೈಲಾನ್ ಬ್ರಷ್‌ನಿಂದ ತಿಕ್ಕಿ, ಬಿಸಿ ನೀರಿನಿಂದ ತೊಳೆಯಿರಿ. ಎರಡು ಮೂರು ಸಲ ಬೇಕಾದೀತು. ಒಣಗಿದ ಮೇಲೆ ಕಲೆಯ ಜಾಗದಲ್ಲಿ ನೀರಿನ ಹನಿ ಹಾಕಿ. ಹನಿ ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಇದೆ. ವರ್ಷಗಟ್ಟಲೆ ಎಂಜಿನ್ ಆಯಿಲ್ ತೊಟ್ಟಿಕ್ಕಿದ ಕಡೆ ತೊಳೆದು ಪ್ರಯೋಜನವಿಲ್ಲ. ಎಣ್ಣೆ ಇಳಿದ ಆಳದವರೆಗೆ ಉಳಿಯಿಂದ ಕೆತ್ತಿ ತೆಗೆದು ತುಂಬುವುದೇ ದಾರಿ. ಟೈರ್ ಪಾಲಿಶ್ ಹಚ್ಚುವವರಾದರೆ ಆ ಜಾಗವನ್ನೂ ಡಿಗ್ರೀಸರಿನಿಂದ ತಿಕ್ಕಿ: ಅದರ ಸಿಲಿಕೋನ್ ಇದ್ದಲ್ಲಿ ಹಸಿ ಎಪಾಕ್ಸಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡು ಗುಳಿ ಬಿಡುತ್ತದೆ.

ಐಪಿಎಸ್ ನೆಲವನ್ನು ಮೇಸ್ತ್ರಿಗಳು ಕೊನೆಯಲ್ಲಿ ಸಿಮೆಂಟ್ ಹಾಲು ಎರೆದು ಕರಣೆಯಿಂದ ಕನ್ನಡಿಯಂತೆ ತೀಡಿರುತ್ತಾರೆ. ಕಣ್ಣಿಗೆ ಚೆಂದ, ಎಪಾಕ್ಸಿಗೆ ಶತ್ರು. ಆ ಪದರ ಪೂರ್ತಿ ಹೋಗಿ ಒಳಗಿನ ಮರಳಿನ ಕಾಳು ಕಾಣಬೇಕು. 5 ಇಂಚಿನ ಆ್ಯಂಗಲ್ ಗ್ರೈಂಡರಿಗೆ ಎರಡು ಸಾಲಿನ ಡೈಮಂಡ್ ಕಪ್ ವೀಲ್ ಹಾಕಿ, ಸುತ್ತ ಧೂಳಿನ ಗವಸು, ಅದಕ್ಕೆ ವ್ಯಾಕ್ಯೂಮ್ ಜೋಡಿಸಿ. ಚಕ್ರವನ್ನು ಒಂದೇ ಕಡೆ ನಿಲ್ಲಿಸದೆ ಅರ್ಧಚಂದ್ರಾಕಾರದಲ್ಲಿ ಆಡಿಸುತ್ತಿರಿ. ನಿಂತರೆ ತಟ್ಟೆಯಂಥ ತಗ್ಗು ಬೀಳುತ್ತದೆ, ಹೊಳೆಯುವ ಎಪಾಕ್ಸಿ ಅದನ್ನು ಮುಚ್ಚಿಡುವುದಿಲ್ಲ, ಎತ್ತಿ ತೋರಿಸುತ್ತದೆ. 200 ಚದರ ಅಡಿಗೆ ಒಂದು ಪೂರ್ತಿ ದಿನ ಹಿಡಿಯುತ್ತದೆ. ದೊಡ್ಡ ನೆಲ ಉಜ್ಜುವ ಯಂತ್ರ ಬಾಡಿಗೆಗೆ ಸಿಕ್ಕರೆ ನಡುವೆಲ್ಲ ಅದರಲ್ಲಿ ಮುಗಿಸಿ, ಗೋಡೆ ಬುಡಕ್ಕೆ ಮಾತ್ರ ಕೈ ಗ್ರೈಂಡರ್ ಸಾಕು. ನೆಲದ ಪಟ್ಟೆಗಳ ನಡುವೆ ಗಾಜಿನ ಪಟ್ಟಿ ಕೂರಿಸಿದ್ದರೆ ಚಕ್ರ ತಾಗಿ ಚೂರು ಸಿಡಿಯುತ್ತದೆ, ಕನ್ನಡಕ ತೆಗೆಯಬೇಡಿ.

ಮುಗಿದಾಗ ನೆಲ ಅಂಗೈಗೆ 80 ನಂಬರಿನ ಉಪ್ಪುಕಾಗದದಂತೆ ತಾಕಬೇಕು. ಹತ್ತು ಕಡೆ ನೀರಿನ ಹನಿ ಹಾಕಿ: ಒಂದು ನಿಮಿಷದೊಳಗೆ ಇಂಗಿ ಕಪ್ಪು ಕಲೆ ಆಗಬೇಕು. ಇಂಗದ ಕಡೆ ಮತ್ತೆ ಉಜ್ಜಿ.

ಗ್ರೈಂಡರ್ ಬದಲು ಆಸಿಡ್ ಸುರಿದರೆ ಸಾಲದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಕರಣೆ ಉಜ್ಜಿದ ಐಪಿಎಸ್‌ನ ಮೇಲೆ ಆಸಿಡ್ ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಜಾರುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಸಿಮೆಂಟಿನೊಂದಿಗೆ ಸೇರಿ ಕ್ಯಾಲ್ಸಿಯಂ ಕ್ಲೋರೈಡ್ ಉಳಿಸುತ್ತದೆ. ಆ ಉಪ್ಪು ಗಾಳಿಯ ಪಸೆಯನ್ನೇ ಹೀರುವಂಥದ್ದು, ಎಪಾಕ್ಸಿಯ ಅಡಿಯಲ್ಲಿ ಅದು ಇರಕೂಡದು. ಅದರ ಹೊಗೆಗೆ ಗೇಟು, ಬೈಕು ತುಕ್ಕು ಹಿಡಿಯುತ್ತವೆ. ತೊಳೆದ ನೀರು ಸಂಪಿಗೋ ಮಳೆನೀರು ಇಂಗುಗುಂಡಿಗೋ ಹೋದರೆ ಇನ್ನೊಂದು ತಲೆನೋವು. ಆದ್ದರಿಂದ ಬೇಡ.

ಕೊನೆಗೆ ಧೂಳು. ಪೊರಕೆ ಸಾಲದು. ವ್ಯಾಕ್ಯೂಮ್ ಎರಡು ಸಲ, ಅಡ್ಡಡ್ಡ ಒಮ್ಮೆ, ಉದ್ದುದ್ದ ಒಮ್ಮೆ. ಕಪ್ಪು ಬಟ್ಟೆಯಿಂದ ಒರೆಸಿ ನೋಡಿದರೆ ಬಿಳಿ ಹತ್ತಬಾರದು. ಇಲ್ಲಿಂದ ಮುಂದೆ ರಸ್ತೆ ಚಪ್ಪಲಿಯಲ್ಲಿ ಯಾರೂ ಒಳಗೆ ಕಾಲಿಡಬಾರದು.

ಬಿರುಕು, ಗುಳಿ, ಸಂದು

ಕೂದಲೆಳೆಯ ಬಿರುಕನ್ನು ಪ್ರೈಮರೇ ತುಂಬಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡದನ್ನು ಕಟಿಂಗ್ ಬ್ಲೇಡಿನಿಂದ 6 ಮಿ.ಮೀ. ಅಗಲ, 10 ಮಿ.ಮೀ. ಆಳದ ಕಾಲುವೆ ಮಾಡಿ ಧೂಳು ತೆಗೆದು ಎಪಾಕ್ಸಿ ಪೇಸ್ಟ್ ತುಂಬಿ. ಗುಳಿಗೆ ಎಪಾಕ್ಸಿ ಗಾರೆ: ಬೆರೆಸಿದ ಎಪಾಕ್ಸಿ ಒಂದು ಪಾಲಿಗೆ ತೂಕದಲ್ಲಿ ಐದು ಪಾಲು ಸಿಲಿಕಾ ಮರಳು. ಗುಳಿಯೊಳಗೆ ಮೊದಲು ಪ್ರೈಮರ್ ಬಳಿದು, ಅದು ಬೆರಳಿಗೆ ಅಂಟುವಂತಿರುವಾಗಲೇ ಗಾರೆ ಒತ್ತಿ ಕರಣೆಯಿಂದ ಸಮ ಮಾಡಿ. ಮರುದಿನ ಉಬ್ಬಿದ್ದನ್ನು ಉಜ್ಜಿಬಿಡಿ.

ತುಂಬಬಾರದ ಸಂದೂ ಒಂದಿದೆ. ಮನೆಯ ಪ್ಲಿಂತ್ ಬೀಮಿಗೂ (ಗೋಡೆಯ ಬುಡದ ತೊಲೆಗೂ) ಪಾರ್ಕಿಂಗ್ ನೆಲಕ್ಕೂ ನಡುವಿನ ಗೆರೆ ಬಿಸಿಲು-ಮಳೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಎಪಾಕ್ಸಿ ಹಾಕಿ ಬಿಗಿದರೆ ಪಕ್ಕದಲ್ಲಿ ಹೊಸ ಬಿರುಕು ಏಳುತ್ತದೆ. ಅದನ್ನು ಹಾಗೇ ಬಿಟ್ಟು, ಎಲ್ಲ ಕೋಟು ಮುಗಿದ ಮೇಲೆ ಪಾಲಿಯುರೆಥೇನ್ ಸೀಲೆಂಟ್ ತುಂಬಿ. ಪಟ್ಟೆಗಳ ನಡುವಿನ ಗೆರೆಗಳ ಗುರುತು ಒಂದೆರಡು ವರ್ಷದಲ್ಲಿ ಮೇಲೆ ಅಲ್ಲಲ್ಲಿ ಕಾಣಬಹುದು, ಅದನ್ನು ಒಪ್ಪಿಕೊಂಡೇ ಕೆಲಸ ಹಿಡಿಯಬೇಕು.

ಬೆರೆಸುವುದು

ಎಪಾಕ್ಸಿ ಒಣಗಿ ಗಟ್ಟಿಯಾಗುವುದಲ್ಲ. ಡಬ್ಬಿಯ ರಾಳ ಮತ್ತು ಹಾರ್ಡನರ್ ಪರಸ್ಪರ ಕೂಡಿ ಹೊಸ ವಸ್ತುವಾಗುತ್ತದೆ. ಅಳತೆ ತಪ್ಪಿದರೆ ಕೂಡದೆ ಉಳಿದ ಪಾಲು ಎಂದೆಂದಿಗೂ ಜಿಗುಟಾಗಿರುತ್ತದೆ. ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಹಾಕುವುದು ಸಿಮೆಂಟಿನ ಲೆಕ್ಕದಲ್ಲಿ ಯೋಚಿಸಿದ ತಪ್ಪು.

ಡಬ್ಬಿಯ ಮೇಲಿನ ಪ್ರಮಾಣ ತೂಕದ್ದೋ ಅಳತೆಯದ್ದೋ ಎಂದು ಮೊದಲು ಓದಿ, ಎರಡೂ ಬೇರೆ. ತೂಕದಲ್ಲಿ 4ಕ್ಕೆ 1 ಎಂದಿದ್ದರೆ ಒಂದು ಸಲಕ್ಕೆ ರಾಳ 1.72 ಕೆ.ಜಿ., ಹಾರ್ಡನರ್ 430 ಗ್ರಾಂ, ಒಟ್ಟು 2.15 ಕೆ.ಜಿ. ಬೆರೆಸಿ. ಇದು ಸರಿಯಾಗಿ 100 ಚದರ ಅಡಿಗೆ, ಅಂದರೆ ಅರ್ಧ ನೆಲಕ್ಕೆ ಒಂದು ಕೋಟು. ಗೋಡೆಯ ಮೇಲೆ ಅರ್ಧಕ್ಕೆ ಸೀಮೆಸುಣ್ಣದ ಗೆರೆ ಎಳೆದಿಡಿ. ಬಕೆಟ್ ಖಾಲಿಯಾದಾಗ ಗೆರೆ ದಾಟಿದ್ದರೆ ತೆಳ್ಳಗಾಯಿತು, ಗೆರೆ ಮುಟ್ಟದಿದ್ದರೆ ದಪ್ಪವಾಯಿತು.

ಬಣ್ಣ ತಳದಲ್ಲಿ ಕೂತಿರುತ್ತದೆ, ಆದ್ದರಿಂದ ತೂಗುವ ಮೊದಲು ರಾಳದ ಡಬ್ಬಿಯನ್ನೇ ತಳದಿಂದ ಕಲಕಿ. ಅದಕ್ಕೆ ಹಾರ್ಡನರ್ ಸುರಿದು ನಿಮಿಷಕ್ಕೆ 300ರಿಂದ 400 ಸುತ್ತಿನ ವೇಗದಲ್ಲಿ ಮೂರು ನಿಮಿಷ ಬೆರೆಸಿ. ಹೆಚ್ಚು ವೇಗಕ್ಕೆ ಗಾಳಿ ಸೇರುತ್ತದೆ. ನಡುವೆ ನಿಲ್ಲಿಸಿ ಪಟ್ಟಿ ಬ್ಲೇಡಿನಿಂದ ಬದಿ, ತಳ ಕೆರೆಯಿರಿ. ಆಮೇಲೆ ಎರಡನೇ ಬಕೆಟ್ಟಿಗೆ ಸುರಿದು ಇನ್ನೊಂದು ನಿಮಿಷ ಬೆರೆಸಿ. ಮೊದಲ ಬಕೆಟ್ಟಿನ ಗೋಡೆಗೆ ಅಂಟಿದ ಅರೆಬೆರೆತ ಎಪಾಕ್ಸಿಯನ್ನು ನೆಲಕ್ಕೆ ಕೆರೆದು ಹಾಕಬೇಡಿ. ಒಣಗಿದ ನೆಲದ ನಡುವೆ ಅಲ್ಲಲ್ಲಿ ಜಿಗುಟು ಮಚ್ಚೆ ಉಳಿಯುವುದು ಬಹುತೇಕ ಈ ಕೆರೆತದಿಂದ.

ಬೆರೆಸಿದ ಕ್ಷಣದಿಂದ ಗಡಿಯಾರ ಓಡುತ್ತಿದೆ. 25 ಡಿಗ್ರಿಯಲ್ಲಿ 30 ನಿಮಿಷ ಸಿಗುವ ಎಪಾಕ್ಸಿ 35 ಡಿಗ್ರಿಯಲ್ಲಿ ಹೆಚ್ಚುಕಡಿಮೆ 15 ನಿಮಿಷಕ್ಕೆ ಇಳಿಯುತ್ತದೆ. ಬಕೆಟ್ಟಿನಲ್ಲಿ ರಾಶಿಯಾಗಿದ್ದರೆ ತನ್ನ ಬಿಸಿಗೆ ತಾನೇ ಇನ್ನೂ ಬೇಗ ಗಟ್ಟಿಯಾಗಿ ಹೊಗೆಯಾಡುತ್ತದೆ, ಪ್ಲಾಸ್ಟಿಕ್ ಕರಗಿಸುವಷ್ಟು ಕಾಯುತ್ತದೆ. ಅದಕ್ಕೇ ಬೆರೆಸಿದ ಕೂಡಲೇ ನೆಲದ ಮೇಲೆ ಪಟ್ಟೆಯಂತೆ ಸುರಿದುಬಿಡಿ. ಮಿಕ್ಕದ್ದನ್ನು ಒಣ ಮರಳಿನ ಮೇಲೆ ತೆಳ್ಳಗೆ ಹರಡಿ, ಚರಂಡಿಗೆ ಬೇಡ.

ಬಳಿಯುವುದು: ಮೂರು ಸಂಜೆ

ಮೊದಲ ಸಂಜೆ ಪ್ರೈಮರ್. ಗೋಡೆ ಬುಡದಲ್ಲಿ 4 ಇಂಚು ಮೇಲಕ್ಕೂ ಬ್ರಷ್‌ನಿಂದ ಹಚ್ಚಿ. ನೆಲ ತೊಳೆದ ನೀರು ಮುಂದೆ ಆ ಮೂಲೆಯಿಂದಲೇ ಒಳಗಿಳಿಯಲು ನೋಡುತ್ತದೆ. ಹೊಸ ರೋಲರಿಗೆ ಟೇಪ್ ಸುತ್ತಿ ಕಿತ್ತು ಉದುರುವ ಕೂದಲು ತೆಗೆದಿರಿ. ಒಳಗೋಡೆಯಿಂದ ಗೇಟಿನ ಕಡೆಗೆ ಹಿಂದೆ ಹಿಂದೆ ಬನ್ನಿ, ರೋಲರ್ ಒತ್ತಿ ನೆಲಕ್ಕೆ ತಿಕ್ಕಿ. ಪ್ರೈಮರ್ ಎಲ್ಲ ಕಡೆ ಒಂದೇ ಹೊಳಪು ಕೊಡಬೇಕು. ಮಂಕಾದ ಕಡೆ ನೆಲ ಅದನ್ನು ಕುಡಿದುಬಿಟ್ಟಿದೆ, ಅಲ್ಲಿಗೆ ಇನ್ನೊಮ್ಮೆ ಹಚ್ಚಿ. ಮರುದಿನ ಸೂಜಿತೂತು ಕಂಡರೆ ಎಪಾಕ್ಸಿಗೆ ನುಣ್ಣನೆಯ ಸಿಲಿಕಾ ಪುಡಿ ಬೆರೆಸಿ ಪಟ್ಟಿ ಬ್ಲೇಡಿನಿಂದ ತೂತಿನೊಳಗೆ ಒತ್ತಿ ಎಳೆಯಿರಿ. ಮೇಲಿನ ಕೋಟು ತೂತು ಮುಚ್ಚುತ್ತದೆ ಎಂದು ನಂಬಬೇಡಿ.

ಎರಡನೇ ಸಂಜೆ ಮೊದಲ ಕೋಟು. ಇಬ್ಬರು ಬೇಕು: ಒಬ್ಬರು ಬೆರೆಸಿ ಅಂಚು ಬ್ರಷ್ ಮಾಡಲಿ, ಇನ್ನೊಬ್ಬರು ರೋಲರ್ ಹಿಡಿಯಲಿ. ಮೂರಡಿ ಅಗಲದ ಪಟ್ಟೆಯಂತೆ ಸುರಿದು ರಬ್ಬರ್ ವೈಪರಿನಿಂದ ಹರಡಿ, ರೋಲರನ್ನು ಮೊದಲು ಅಡ್ಡಕ್ಕೆ, ಕೊನೆಗೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಓಡಿಸಿ. ಮುಂದಿನ ಪಟ್ಟೆ ಹಿಂದಿನದರ ಹಸಿ ಅಂಚಿನೊಳಗೆ ಸೇರಬೇಕು. ಹದಿನೈದು ನಿಮಿಷ ಕಳೆದ ಕಡೆಗೆ ಮರಳಿ ರೋಲರ್ ತಾಗಿಸಿದರೆ ಗೆರೆ ಉಳಿಯುತ್ತದೆ. ಬಿಟ್ಟುಹೋದ ಚುಕ್ಕೆ ಕಂಡರೂ ಸುಮ್ಮನಿರಿ, ನಾಳೆಯ ಕೋಟು ಇದೆ. ಬೀದಿನಾಯಿ, ಬೆಕ್ಕು ನುಗ್ಗದಂತೆ ಗೇಟಿನ ಕೆಳಸಂದಿಗೆ ಹಲಗೆ ಅಡ್ಡ ಇಡಿ.

ಮೂರನೇ ಸಂಜೆ ಎರಡನೇ ಕೋಟು, ಅದೇ ಕ್ರಮ. ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಮೇಲಿನ ಕೋಟು ಕೆಳಗಿನದರೊಂದಿಗೆ ರಾಸಾಯನಿಕವಾಗಿ ಬೆಸೆಯುತ್ತದೆ. ನಿಮ್ಮ ಡಬ್ಬಿಯ ಅವಧಿ ತಾಂತ್ರಿಕ ಹಾಳೆಯಲ್ಲಿರುತ್ತದೆ. ಅದು ಮೀರಿದರೆ 100 ನಂಬರಿನ ಉಪ್ಪುಕಾಗದದಿಂದ ಹೊಳಪು ಸಾಯುವಂತೆ ಉಜ್ಜಿ, ಧೂಳು ತೆಗೆದೇ ಬಳಿಯಬೇಕು. ಬೆಳಿಗ್ಗೆ ನೆಲದ ಮೇಲೆ ಮೇಣದಂಥ ಬಿಳಿ ಜಿಡ್ಡು ಕಂಡರೆ ಹಾರ್ಡನರಿನಲ್ಲಿರುವ ಅಮೀನ್ ಎಂಬ ರಾಸಾಯನಿಕ ಗಾಳಿಯ ಪಸೆ ಮತ್ತು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿದೆ ಎಂದರ್ಥ. ಥಿನ್ನರ್ ಅದನ್ನು ಹರಡುತ್ತದಷ್ಟೇ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪಿನಿಂದ ತಿಕ್ಕಿ ತೊಳೆದು ಒಣಗಿಸಿ ಮುಂದುವರಿಯಿರಿ.

ಗೇಟಿನ ಇಳಿಜಾರು

ಮಳೆಯಲ್ಲಿ ಒದ್ದೆ ಟೈರಿನ ಸ್ಕೂಟರು ನುಣ್ಣನೆಯ ಇಳಿಜಾರಿನಲ್ಲಿ ಜಾರುವುದು ಖಂಡಿತ. ಇಳಿಜಾರಿಗೆ ಮೊದಲ ಕೋಟು ಹಸಿಯಿರುವಾಗಲೇ ಒಣ ಸಿಲಿಕಾ ಮರಳನ್ನು ಬಣ್ಣ ಕಾಣದಷ್ಟು ಚೆಲ್ಲಿ: ಚದರ ಮೀಟರಿಗೆ 2ರಿಂದ 3 ಕೆ.ಜಿ. ಬೇಕಾಗುತ್ತದೆ. ಮರಳನ್ನು ಮೇಲಕ್ಕೆ ಎರಚಿ ಮಳೆಯಂತೆ ಬೀಳಿಸಿ. ನೆಲಕ್ಕೆ ನೇರ ಎಸೆದರೆ ಗುಡ್ಡೆಯಾಗುತ್ತದೆ. ಮರುದಿನ ಅಂಟದೆ ಉಳಿದದ್ದನ್ನು ಗುಡಿಸಿ ತೆಗೆದು ಮೇಲೆ ಎರಡನೇ ಕೋಟು ಹಾಕಿ. ಒರಟು ಮೈ ಹೆಚ್ಚು ಎಪಾಕ್ಸಿ ಕುಡಿಯುವುದರಿಂದ ಇಲ್ಲಿಗೆ ಲೆಕ್ಕಕ್ಕಿಂತ ಅರ್ಧದಷ್ಟು ಜಾಸ್ತಿ ಇಟ್ಟುಕೊಳ್ಳಿ. ಮೇಲಿನ ಸಮತಟ್ಟಿನಲ್ಲಿ ನಡೆದಾಡುವ ದಾರಿಗೂ ಕೊನೆಯ ಕೋಟ್‌ಗೆ ನುಣ್ಣನೆಯ ಆ್ಯಂಟಿ-ಸ್ಕಿಡ್ ಪುಡಿ ಬೆರೆಸಿದರೆ ವಯಸ್ಸಾದವರಿಗೆ ಅನುಕೂಲ.

ಕಾಯುವ ದಿನಗಳು

ಕೊನೆಯ ಕೋಟು ಹಾಕಿದ ಮೇಲೆ, 25 ಡಿಗ್ರಿಯ ಹವೆಯಲ್ಲಿ ಒಂದು ದಿನಕ್ಕೆ ಬರಿಗಾಲಿನಲ್ಲಿ ನಡೆಯಬಹುದು, ನಾಲ್ಕು ದಿನಕ್ಕೆ ಸ್ಕೂಟರ್, ಏಳು ದಿನಕ್ಕೆ ಕಾರು. ರಾತ್ರಿ 15-16 ಡಿಗ್ರಿಗೆ ಇಳಿಯುವ ದಿನಗಳಾದರೆ ಹತ್ತು ದಿನ ಕಾಯಿರಿ. ಮೊದಲ ಮೂರು ದಿನ ಒಂದು ಹನಿ ನೀರೂ ಬೀಳಬಾರದು, ಬಿದ್ದಲ್ಲಿ ಬಿಳಿ ಕಲೆ ನಿಲ್ಲುತ್ತದೆ. ಮುಂಜಾನೆ ಅಂಗಳ ತೊಳೆಯುವವರಿಗೆ ಇದನ್ನು ಹಿಂದಿನ ರಾತ್ರಿಯೇ ಹೇಳಿಡಿ.

ಕಾರಿಗೆ ಏಳು ದಿನ ಯಾಕೆಂದರೆ, ದೂರ ಓಡಿ ಬಂದ ಟೈರ್ ಬಿಸಿಯಿರುತ್ತದೆ. ಅದರ ರಬ್ಬರನ್ನು ಮೆದುವಾಗಿಸುವ ರಾಸಾಯನಿಕ ಎಪಾಕ್ಸಿಗೆ ಇಳಿದು ಅದನ್ನೂ ಮೆದು ಮಾಡುತ್ತದೆ. ಟೈರ್ ತಣಿದು ಕುಗ್ಗುವಾಗ ಹಿಡಿದ ಪದರವನ್ನು ಎಳೆಯುತ್ತದೆ. ಪೂರ್ತಿ ಬಲಿತ, ಚೆನ್ನಾಗಿ ಕಚ್ಚಿದ ಪದರ ಏಳುವುದಿಲ್ಲ, ಆದರೆ ಕಂದು ಕಲೆ ಅದಕ್ಕೂ ಆಗಬಹುದು. ಮೊದಲ ತಿಂಗಳು ನಾಲ್ಕು ಟೈರಿನ ಕೆಳಗೆ ಹಳೆಯ ಟೈಲ್ ತುಂಡು ಇಡುವುದು ಸುಲಭದ ಉಪಾಯ.

ಎರಡು ದಿನ ಕಳೆದರೂ ಜಿಗುಟಾಗಿಯೇ ಇರುವ ಭಾಗ ಇನ್ನು ಗಟ್ಟಿಯಾಗದು. ಮೇಲೆ ಇನ್ನೊಂದು ಕೋಟು ಬಳಿದು ಮುಚ್ಚಿದರೆ ಅದೂ ಜಾರುತ್ತದೆ. ಬ್ಲೇಡಿನಿಂದ ಕೆರೆದು, ಥಿನ್ನರಿನಿಂದ ಒರೆಸಿ, ಉಜ್ಜಿ ಹೊಸದಾಗಿ ಹಾಕಬೇಕು.

ಬಳಕೆಯಲ್ಲಿ

ಎಪಾಕ್ಸಿ ನೆಲಕ್ಕೆ ಕಾರಿಗಿಂತ ಹೆಚ್ಚು ಹಾನಿ ಮಾಡುವುದು ಸ್ಕೂಟರಿನ ಸ್ಟ್ಯಾಂಡು. ಗಾಡಿಯ ಭಾರವೆಲ್ಲ ಸೈಡ್ ಸ್ಟ್ಯಾಂಡಿನ ಒಂದು ಮೊನೆಯ ಮೇಲೆ ಬೀಳುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕುವಾಗ ಕಬ್ಬಿಣ ನೆಲವನ್ನು ಕೆರೆಯುತ್ತದೆ. ಗಾಡಿ ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಹಾಳೆ ಹಾಸಿ. ಜಾಕ್ ಹಾಕುವಾಗ ಕೆಳಗೆ ಪ್ಲೈವುಡ್ ತುಂಡಿರಲಿ. ಗೇಟಿನಿಂದ ಬರುವ ಮರಳು ಕಾಲಡಿಯಲ್ಲಿ ಉಪ್ಪುಕಾಗದದಂತೆ ಹೊಳಪು ತೆಗೆಯುತ್ತದೆ, ದಿನವೂ ಗುಡಿಸಿ. ತೊಳೆಯಲು ಮೆದು ಸೋಪಿನ ನೀರು ಸಾಕು. ಬಾತ್‌ರೂಮಿನ ಆಸಿಡ್ ಕ್ಲೀನರ್ ತಾಗಿಸಬೇಡಿ. ಆಯುಧಪೂಜೆಯ ದಿನ ಬೂದುಗುಂಬಳ ಒಡೆದ ಕುಂಕುಮದ ನೀರನ್ನೂ ಟೈರಿನಡಿಯ ನಿಂಬೆರಸವನ್ನೂ ಸಂಜೆಯವರೆಗೆ ಬಿಡದೆ ಒರೆಸಿಬಿಡಿ, ತಿಳಿ ಬಣ್ಣದ ನೆಲದಲ್ಲಿ ಕೆಂಪು ಕಲೆ ಉಳಿಯುತ್ತದೆ.

ಚಕ್ಕೆ ಎದ್ದ ಸಣ್ಣ ಜಾಗವನ್ನು ಕೂಡಲೇ ಸರಿಮಾಡಿ, ತಡವಾದರೆ ಅಂಚಿನಿಂದ ನೀರು ನುಗ್ಗಿ ಹರಡುತ್ತದೆ. ಸುತ್ತಲಿನ ಸಡಿಲ ಪದರವನ್ನು ಗಟ್ಟಿ ಅಂಚು ಸಿಗುವವರೆಗೆ ಕೆರೆದು, ಅಲ್ಲಿಂದ ಹತ್ತು ಸೆಂ.ಮೀ. ಆಚೆಗೂ ಉಜ್ಜಿ, ಪ್ರೈಮರ್ ಮತ್ತು ಎರಡು ಕೋಟು ಹಾಕಿ. ಇದಕ್ಕೆಂದೇ ಮಿಕ್ಕ ರಾಳ, ಹಾರ್ಡನರ್ ಎರಡನ್ನೂ ಬೆರೆಸದೆ, ಮುಚ್ಚಳ ಬಿಗಿದು, ನೆರಳಿನಲ್ಲಿಡಿ. ಬ್ಯಾಚ್ ಬದಲಾದರೆ ಬಣ್ಣದ ಛಾಯೆಯೂ ಬದಲಾಗುತ್ತದೆ. ಬ್ಯಾಚ್ ನಂಬರ್, ಬೆರೆಸುವ ಪ್ರಮಾಣ, ಡಬ್ಬಿಯ ಅವಧಿ ಮುಗಿಯುವ ತಿಂಗಳನ್ನು ಮುಚ್ಚಳದ ಮೇಲೆ ಮಾರ್ಕರಿನಿಂದ ಬರೆದಿಡಿ.